“ಬಾಡಿಗೆಯವರಿಗೇನು ಹಕ್ಕು?” ಎಂದರು ಪಕ್ಕದ ಮನೆಯವರು

ಪ್ರಶ್ನೆ:

ತುಮಕೂರಿನ ಹಳೇ ಬಡಾವಣೆಯೊಂದರಲ್ಲಿ ಆರು ವರ್ಷದಿಂದ ಬಾಡಿಗೆಗಿದ್ದೇವೆ. ರಸ್ತೆಗೆ ಒಂದು ಮನೆ, ಅದರ ಹಿಂದೆ ನಮ್ಮದು. ಮೊದಲು ಎರಡೂ ಒಂದೇ ಕುಟುಂಬದ್ದಂತೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ಮುಂದಿನದು ಅಣ್ಣನಿಗೆ, ಹಿಂದಿನದು ತಮ್ಮನಿಗೆ ಹೋಯಿತಂತೆ. ಆ ತಮ್ಮನೇ ನಮ್ಮ ಓನರ್. ಅಣ್ಣನ ಮಕ್ಕಳು ಹೋದ ವರ್ಷ ಮುಂದಿನ ಮನೆಯನ್ನು ಮಾರಿಬಿಟ್ಟರು. ಕೊಂಡವರು ಬಂದಾಗಿನಿಂದ ನಮಗೆ ನೆಮ್ಮದಿಯಿಲ್ಲ.

ಏಪ್ರಿಲ್ ಮೊದಲ ವಾರ ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿದ್ದ ಜಾಗಕ್ಕೆ ತಗಡಿನ ಬೇಲಿ ಹಾಕಿಕೊಂಡರು. “ಇದು ನಮ್ಮ ಅಳತೆಗೆ ಬರುತ್ತೆ” ಅಂದರು. ರಸ್ತೆಗೆ ಬರಲು ನಮಗಿರುವುದು ಅವರ ಮನೆ ಪಕ್ಕದ ನಾಲ್ಕಡಿ ಸಂದಿ ಒಂದೇ. ಉಳಿದ ಮೂರು ಕಡೆಯೂ ಬೇರೆಯವರ ಗೋಡೆ. ಜೂನ್‌ನಲ್ಲಿ ಆ ಸಂದಿಯ ಬಾಯಿಗೆ ಗೇಟ್ ಇಟ್ಟರು. ರಾತ್ರಿ ಒಂಬತ್ತಕ್ಕೆ ಬೀಗ. ನಮ್ಮ ಮನೆಯವರು ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬರುವುದು ಹನ್ನೊಂದೂವರೆಗೆ, ಗೇಟ್ ಹತ್ತಿ ಇಳಿದು ಬರುತ್ತಾರೆ. ಅತ್ತೆಗೆ ಸಕ್ಕರೆ ಕಾಯಿಲೆ, ರಾತ್ರಿ ಹೊತ್ತು ಏನಾದರೂ ಆದರೆ ಆಸ್ಪತ್ರೆಗೆ ಹೇಗೆ ಕರೆದುಕೊಂಡು ಹೋಗಲಿ? ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹಗಲಲ್ಲೂ ಎಷ್ಟೋ ಸಲ ಬೀಗ ಹಾಕಿರುತ್ತಾರೆ, ಬಂದ ಗಿರಾಕಿಗಳು ವಾಪಸ್ ಹೋಗುತ್ತಾರೆ. ಹೋದ ತಿಂಗಳು ಸಂದಿಯಲ್ಲಿ ಹಾದುಬಂದಿದ್ದ ನಲ್ಲಿ ಪೈಪನ್ನೂ ಕತ್ತರಿಸಿದರು. ಈಗ ಕ್ಯಾನ್ ನೀರೇ ಗತಿ.

ಕೇಳಿದರೆ “ಬಾಡಿಗೆಯವರಿಗೇನು ಹಕ್ಕು? ನಿಮ್ಮ ಓನರ್ ಬರಲಿ” ಅನ್ನುತ್ತಾರೆ. ಓನರ್ ಪುಣೆಯಲ್ಲಿ ಮಗನ ಜತೆ ಇದ್ದಾರೆ. “ಹೇಗೋ ಹೊಂದಿಕೊಂಡು ಹೋಗಿ, ಆಗಲ್ಲ ಅಂದರೆ ಮನೆ ಬಿಡಿ” ಅಂದರು. ಪೊಲೀಸ್ ಠಾಣೆಯಲ್ಲಿ “ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಮ್ಮ” ಎಂದು ಕಳಿಸಿದರು. ಬಾಡಿಗೆ 9 ಸಾವಿರ, ತಪ್ಪದೆ ಫೋನ್‌ಪೇ ಮಾಡುತ್ತಿದ್ದೇವೆ. ಅಡ್ವಾನ್ಸ್ ಒಂದು ಲಕ್ಷ. ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ “ಹಿತ್ತಲು ಸಮೇತ” ಎಂದಿದೆ, ಆದರೆ ಅದರ ಅವಧಿ ಮುಗಿದು ಎರಡು ವರ್ಷವಾಯಿತು. ಈಗ ಪಕ್ಕದವರು, “ನಿಮ್ಮ ಕೃಪೆಯಿಂದ ಈ ದಾರಿ ಬಳಸುತ್ತಿದ್ದೇವೆ, ನೀವು ಹೇಳಿದ ದಿನ ನಿಲ್ಲಿಸುತ್ತೇವೆ ಅಂತ ಬರೆದು ಸಹಿ ಹಾಕಿ, ಒಂದು ಕೀಲಿ ಕೊಡುತ್ತೇನೆ” ಅನ್ನುತ್ತಿದ್ದಾರೆ. ಹಾಕಿಬಿಡಲೇ?

– ಹೆಸರು ಬೇಡ, ತುಮಕೂರು

ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಆ ಕಾಗದಕ್ಕೆ ಸಹಿ ಹಾಕಬೇಡಿ. ಮನೆಯವರಿಗೂ ಅತ್ತೆಯವರಿಗೂ ಇವತ್ತೇ ಹೇಳಿಡಿ. ನೀವಿಲ್ಲದ ಹೊತ್ತು ನೋಡಿ ಬಂದು ಹಿರಿಯರಿಂದ ಸಹಿ ಹಾಕಿಸಿಕೊಂಡು ಹೋಗುವುದುಂಟು.

ಬೇರೆಯವರ ಜಾಗದ ಮೇಲೆ ಹಾದು ನಮ್ಮ ಮನೆಗೆ ಹೋಗಿಬರುವ ಹಕ್ಕಿಗೆ ಈಸ್‌ಮೆಂಟ್ ಹಕ್ಕು ಎನ್ನುತ್ತಾರೆ. ಇದಕ್ಕೆಂದೇ 1882ರ ಕಾಯ್ದೆಯೊಂದಿದೆ. ವಿಭಾಗಪತ್ರದಲ್ಲೋ ಕ್ರಯಪತ್ರದಲ್ಲೋ ಬರೆದಿದ್ದರೆ ಆ ಹಕ್ಕು ಸಿಗುತ್ತದೆ. ಬರೆದಿಲ್ಲದಿದ್ದರೂ, ಎಲ್ಲರೂ ನೋಡುವಂತೆ, ಯಾರ ಅಪ್ಪಣೆಯನ್ನೂ ಕೇಳದೆ, ನಮ್ಮ ಹಕ್ಕೆಂದೇ ತಡೆಯಿಲ್ಲದೆ 20 ವರ್ಷ ಓಡಾಡಿದ್ದರೆ ಸಿಗುತ್ತದೆ. ಇವೆರಡೂ ಇಲ್ಲದಿದ್ದರೆ ಇನ್ನೊಂದು ಬಗೆಯಿದೆ. ಒಂದೇ ಆಸ್ತಿ ಪಾಲಾಗಿ, ಹಿಂದಿನ ಪಾಲಿಗೆ ಮುಂದಿನ ಪಾಲಿನ ಮೇಲೆ ಹಾಯದೆ ದಾರಿಯೇ ಇಲ್ಲವೆಂದಾದರೆ, ಅಗತ್ಯವೇ ಹಕ್ಕನ್ನು ಕೊಡುತ್ತದೆ. ಆಗ 20 ವರ್ಷದ ಲೆಕ್ಕ ಬೇಕಿಲ್ಲ. ಮೂರು ಕಡೆಯೂ ಬೇರೆಯವರ ಗೋಡೆ ಎಂದು ನೀವು ಬರೆದದ್ದು ಈ ಕಾರಣಕ್ಕೆ ತುಂಬ ಮುಖ್ಯವಾದ ಮಾತು.

20 ವರ್ಷದ ಬಳಕೆಯ ಮೇಲೆ ಹಕ್ಕು ಕೇಳುವಾಗ ಎದುರಿನವರ ದೊಡ್ಡ ಆಯುಧ “ಅವರು ನಮ್ಮ ಅಪ್ಪಣೆ ಪಡೆದು ಓಡಾಡುತ್ತಿದ್ದರು” ಎಂಬುದು. ಅಪ್ಪಣೆಯಿಂದ ಓಡಾಡಿದ ದಾರಿ ಎಷ್ಟು ವರ್ಷ ಕಳೆದರೂ ಹಕ್ಕಾಗುವುದಿಲ್ಲ. “ನಿಮ್ಮ ಕೃಪೆಯಿಂದ” ಎಂದು ಬರೆಸಿಕೊಳ್ಳುವುದು ಅದಕ್ಕೇ. ನೀವು ಬರೆದುಕೊಟ್ಟದ್ದರಿಂದ ಓನರ್‌ ಹಕ್ಕು ಅಲ್ಲಿಗೇ ಮುಗಿದುಹೋಗುವುದಿಲ್ಲ, ನಿಜ. ಆದರೆ ನಾಳೆ ಕೋರ್ಟಿನಲ್ಲಿ ಅವರ ವಿರುದ್ಧ ಎತ್ತಿ ತೋರಿಸುವ ಮೊದಲ ಕಾಗದ ಅದೇ ಆಗುತ್ತದೆ. ನಿಮ್ಮ ಸ್ವಂತ ಬಾಯಿಯನ್ನೂ ಅದು ಕಟ್ಟಿಹಾಕುತ್ತದೆ.

ಇನ್ನು ಆ ಮಾತು, ಬಾಡಿಗೆಯವರಿಗೇನು ಹಕ್ಕು ಎಂಬುದು. ಇದನ್ನು ನಂಬಿ ಮನೆ ಖಾಲಿ ಮಾಡಿದ ಎಷ್ಟೋ ಸಂಸಾರಗಳನ್ನು ನಾನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತೇನೆ. ಕಾನೂನಿನಲ್ಲಿ ಒಡೆತನ ಬೇರೆ, ಸ್ವಾಧೀನ ಬೇರೆ. ಒಡೆತನ ನಿಮ್ಮ ಓನರ್‌ದು. ಸ್ವಾಧೀನ ನಿಮ್ಮದು, ಮತ್ತು ಅದನ್ನು ಕಾಪಾಡಿಕೊಳ್ಳಲು ಕಾನೂನು ನಿಮಗೇ ನೇರವಾಗಿ ದಾರಿ ಕೊಟ್ಟಿದೆ. 2003ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ, ನಮ್ಮ ಕರ್ನಾಟಕದಿಂದಲೇ ಹೋದ, ಅಕ್ಕಪಕ್ಕದ ಜಮೀನಿನವರ ಮೊಕದ್ದಮೆಯೊಂದರಲ್ಲಿ ಈ ಮಾತು ಸ್ಪಷ್ಟವಾಗಿದೆ. ನೆಲೆಯಾಗಿ ಸ್ವಾಧೀನದಲ್ಲಿರುವವರನ್ನು, ನಿಜವಾದ ಒಡೆಯನೇ ಆದರೂ, ಕಾನೂನಿನ ಕ್ರಮ ಬಿಟ್ಟು ಬಲವಂತದಿಂದ ಎಬ್ಬಿಸುವಂತಿಲ್ಲ. ಒಡೆಯನಿಗೇ ಇಲ್ಲದ ಆ ಅಧಿಕಾರ ಪಕ್ಕದ ಮನೆಯವರಿಗೆ ಎಲ್ಲಿಂದ ಬರಬೇಕು?

ಕರಾರಿನ ಅವಧಿ ಮುಗಿದಿದೆ ಎಂಬ ಅಳುಕು ಬೇಡ. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತಾ ಬಂದರೆ ತಿಂಗಳಿಂದ ತಿಂಗಳಿಗೆ ಬಾಡಿಗೆದಾರಿಕೆ ಮುಂದುವರಿದಂತೆ ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಕಲಂ. ನಿಮ್ಮ ಫೋನ್‌ಪೇ ದಾಖಲೆಗಳೇ ಅದಕ್ಕೆ ಸಾಕ್ಷಿ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ನಿಮ್ಮ ನೆರವಿಗೆ ಬರುವುದಿಲ್ಲ. ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಅದರ ಹೊರಗಿವೆ. ಹಾಗಾಗಿ ನಿಮಗೂ ಓನರ್‌ಗೂ ನಡುವಿನ ಸಂಬಂಧವನ್ನು ನೋಡುವುದು ಈ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲೇ.

ನಿಮ್ಮ ಪತ್ರದಲ್ಲಿ ಮೂರು ಜಗಳಗಳು ಹೆಣೆದುಕೊಂಡಿವೆ. ಒಗೆಯುವ ಕಲ್ಲಿನ ಜಾಗ, ನೀರು, ದಾರಿ. ಮೂರನ್ನೂ ಒಂದೇ ಅರ್ಜಿಯಲ್ಲಿ ಕಲಸಿ ಕೊಟ್ಟದ್ದರಿಂದಲೇ ಠಾಣೆಯಲ್ಲಿ “ಸಿವಿಲ್” ಎಂಬ ಒಂದೇ ಮಾತಿನಲ್ಲಿ ಕಳಿಸಿದ್ದಾರೆ ಎಂದು ನನ್ನ ಊಹೆ. ಬಿಡಿಸಿ ನೋಡೋಣ.

ತುರ್ತಿನದು ಕಲ್ಲಿನ ಜಾಗ. ನಿಮಗೆ ಅದು ಮೂರರಲ್ಲಿ ಚಿಕ್ಕದಾಗಿ ಕಂಡಿರಬಹುದು, ಪತ್ರದಲ್ಲಿ ಎರಡೇ ಸಾಲು ಬರೆದಿದ್ದೀರಿ. ಆದರೆ ಗಡುವು ಇರುವುದು ಅದಕ್ಕೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಹೇಳುವುದಿಷ್ಟು: ಸ್ಥಿರಾಸ್ತಿಯ ಸ್ವಾಧೀನದಲ್ಲಿದ್ದವರನ್ನು ಅವರ ಒಪ್ಪಿಗೆಯಿಲ್ಲದೆ, ಕಾನೂನಿನ ಕ್ರಮ ಬಿಟ್ಟು ಹೊರಹಾಕಿದರೆ, ಅವರು ಆರು ತಿಂಗಳೊಳಗೆ ದಾವೆ ಹೂಡಿ ಆ ಸ್ವಾಧೀನವನ್ನು ವಾಪಸ್ ಪಡೆಯಬಹುದು. ಈ ದಾವೆಯಲ್ಲಿ ಜಾಗ ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ನೀವಿದ್ದಿರಿ, ನಿಮ್ಮನ್ನು ಬಲವಂತದಿಂದ ಹೊರಹಾಕಿದರು ಎಂಬೆರಡನ್ನು ತೋರಿಸಿದರೆ ಸಾಕು. “ನಮ್ಮ ಅಳತೆಗೆ ಬರುತ್ತೆ” ಎಂಬ ಅವರ ವಾದ ಇಲ್ಲಿ ನಿಲ್ಲುವುದಿಲ್ಲ. ಅಳತೆಗೆ ಬಂದರೆ ಅವರು ನಿಮ್ಮ ಓನರ್ ಮೇಲೆ ಬೇರೆ ದಾವೆ ಹಾಕಿ ಗೆದ್ದುಕೊಳ್ಳಲಿ. ಅಲ್ಲಿಯವರೆಗೆ ಬೇಲಿ ಹಾಕುವ ಅಧಿಕಾರ ಅವರಿಗಿಲ್ಲ. ಈ ಕಲಂನಡಿ ಬಂದ ತೀರ್ಪಿನ ಮೇಲೆ ಅಪೀಲೂ ಇಲ್ಲ. ಇದು ಬಾಡಿಗೆದಾರರಿಗೂ ತೆರೆದಿರುವ ಬಾಗಿಲು.

ಏಪ್ರಿಲ್ ಮೊದಲ ವಾರದಿಂದ ಆರು ತಿಂಗಳೆಂದರೆ ಅಕ್ಟೋಬರ್ ಮೊದಲ ವಾರ. ಇದನ್ನು ನೀವು ಓದುವುದು ಆಗಸ್ಟ್‌ನಲ್ಲಿ. ದಸರಾ ಹೊತ್ತಿಗೆ ಕೋರ್ಟುಗಳಿಗೆ ರಜೆಯೂ ಬರುತ್ತದೆ. ಸೆಪ್ಟೆಂಬರ್ ಮಧ್ಯದೊಳಗೆ ದಾವೆ ದಾಖಲಾಗಿರಬೇಕು ಎಂದಿಟ್ಟುಕೊಳ್ಳಿ. ಅವಧಿ ದಾಟಿದರೆ ಹಕ್ಕು ಪೂರ್ತಿ ಹೋಗುವುದಿಲ್ಲ, ಆದರೆ ಈ ಸುಲಭದ ದಾರಿ ಮುಚ್ಚಿ, ಓನರ್‌ ಕಾಗದಪತ್ರಗಳನ್ನೆಲ್ಲ ಎಳೆದುತಂದು ನಡೆಸಬೇಕಾದ ದೊಡ್ಡ ದಾವೆಯೊಂದೇ ಉಳಿಯುತ್ತದೆ. ಕರಾರು ಪತ್ರದಲ್ಲಿ “ಹಿತ್ತಲು ಸಮೇತ” ಎಂದಿರುವುದು ನಿಮ್ಮ ಭಾಗ್ಯ. ಛಾಪಾ ಕಾಗದದ ಮೊತ್ತ ಕಡಿಮೆಯಿದ್ದರೆ ಕೋರ್ಟ್ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವ ಮೊದಲು ಕೊರತೆಯ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿಸುತ್ತದೆ. ವಕೀಲರಿಗೆ ಅದನ್ನು ಮೊದಲೇ ತೋರಿಸಿ. ಕಲ್ಲಿನ ಮೇಲೆ ನೀವು ಬಟ್ಟೆ ಒಗೆಯುತ್ತಿದ್ದದ್ದು ಕಾಣುವ ಹಳೆಯ ಫೋಟೋ, ಹುಟ್ಟುಹಬ್ಬದ ವಿಡಿಯೋದ ಮೂಲೆಯಲ್ಲಿ ಆ ಕಲ್ಲು, ಯಾವುದಿದ್ದರೂ ಹುಡುಕಿ. ಅದಿರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಿಸಬೇಡಿ.

ನೀರಿನ ವಿಷಯದಲ್ಲಿ ಪೊಲೀಸರು ನಿಮ್ಮನ್ನು ಹಾಗೆ ಕಳಿಸಬಾರದಿತ್ತು. ದಾರಿಯ ಮಟ್ಟಿಗೆ ಅವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಅಕ್ರಮವಾಗಿ ತಡೆಯುವುದು ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಂ ಪ್ರಕಾರ ಅಪರಾಧ, ಆದರೆ ಖಾಸಗಿ ದಾರಿಯನ್ನು ತಡೆಯಲು ತನಗೆ ಹಕ್ಕಿದೆ ಎಂದು ಒಬ್ಬರು ಪ್ರಾಮಾಣಿಕವಾಗಿ ನಂಬಿದ್ದರೆ ಅದು ಅಪರಾಧವಾಗದು ಎಂಬ ವಿನಾಯಿತಿ ಅದೇ ಕಲಂನಲ್ಲಿದೆ. ಠಾಣೆಗಳು ಇಂಥ ದೂರನ್ನು ಸಿವಿಲ್ ಎಂದು ದೂಡುವುದು ಈ ವಿನಾಯಿತಿಯನ್ನು ಹಿಡಿದುಕೊಂಡೇ. ಕುಡಿಯುವ ನೀರಿನ ಪೈಪ್ ಕತ್ತರಿಸಲು ಅಂಥ ವಿನಾಯಿತಿ ಇಲ್ಲ. ಸ್ವತ್ತಿಗೆ ಬೇಕೆಂದೇ ಹಾನಿ ಮಾಡುವುದು 324ನೇ ಕಲಂ ಅಡಿ ಬರುತ್ತದೆ. ಆ ಹಾನಿಯಿಂದ ಮನುಷ್ಯರ ಅನ್ನಪಾನಕ್ಕೆ ಬೇಕಾದ ನೀರು ಕಡಿಮೆಯಾಗುವಂತೆ ಮಾಡಿದರೆ 326ನೇ ಕಲಂ, ಐದು ವರ್ಷದವರೆಗೆ ಶಿಕ್ಷೆ. ಹಿತ್ತಲಿಗೆ ನುಗ್ಗಿ ಬೇಲಿ ಹಾಕಿದ್ದಕ್ಕೆ ಅತಿಕ್ರಮ ಪ್ರವೇಶದ 329ನೇ ಕಲಂ ಇದೆ. ಅದು ನೋಡುವುದು ಜಾಗ ಯಾರ ಸ್ವಾಧೀನದಲ್ಲಿತ್ತು ಎಂಬುದನ್ನು, ಖಾತೆ ಯಾರ ಹೆಸರಲ್ಲಿದೆ ಎಂಬುದನ್ನಲ್ಲ.

ಆದ್ದರಿಂದ ನೀರಿನದ್ದೂ ಬೇಲಿಯದ್ದೂ ಮಾತ್ರ ಬರೆದು ಹೊಸ ದೂರು ಕೊಡಿ. ತಾರೀಕು, ಹೊತ್ತು, ಯಾರು ಕತ್ತರಿಸಿದರು, ಯಾರು ನೋಡಿದರು, ಈಗ ನೀರು ಎಲ್ಲಿಂದ ತರುತ್ತಿದ್ದೀರಿ, ಇಷ್ಟೇ ಇರಲಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಸ್ವೀಕೃತಿ ಕೇಳಿ ಪಡೆಯಿರಿ. ಎಫ್‌ಐಆರ್ ಮಾಡುವುದಿಲ್ಲ ಎಂದರೆ ಅದನ್ನೇ ಹಿಂಬರಹದಲ್ಲಿ ಬರೆದುಕೊಡಲಿ. ಆಮೇಲೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲೇ ಅವಕಾಶವಿದೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಬೆದರಿಸಿದರೆ, ಹೆಣ್ಣುಮಕ್ಕಳ ಬಗ್ಗೆ ಕೆಟ್ಟ ಮಾತಾಡಿದರೆ ಆ ಕ್ಷಣವೇ 112ಕ್ಕೆ ಕರೆ ಮಾಡಿ. ಆದರೆ ಆಗದ್ದನ್ನು ಆಗಿದೆ ಎಂದು ಸೇರಿಸಬೇಡಿ. ಕೇಸು ಗಟ್ಟಿಯಾಗಲಿ ಎಂದು ಯಾರಾದರೂ ಅಂಥ ಸಲಹೆ ಕೊಟ್ಟಾರು. ಒಂದು ಸುಳ್ಳು ಬಯಲಾದರೆ ನಿಮ್ಮ ನಿಜದ ನೋವನ್ನೂ ಯಾರೂ ನಂಬುವುದಿಲ್ಲ.

ಪೊಲೀಸರ ದಾರಿ ನೋಡುತ್ತಾ ನೀರಿಲ್ಲದೆ ಕೂರುವುದೂ ಆಗದು. ನಲ್ಲಿ ಸಂಪರ್ಕ ಓನರ್ ಹೆಸರಿನಲ್ಲಿರುತ್ತದೆ. ಅವರಿಂದ ಒಂದು ಒಪ್ಪಿಗೆ ಪತ್ರ ತರಿಸಿಕೊಂಡು ಮಹಾನಗರ ಪಾಲಿಕೆಯ ನೀರು ಸರಬರಾಜು ವಿಭಾಗದ ಎಂಜಿನಿಯರ್‌ಗೆ ಅರ್ಜಿ ಕೊಡಿ. ಕಡಿದ ಪೈಪಿನ ಫೋಟೋ ಲಗತ್ತಿಸಿ, ಸ್ಥಳ ಪರಿಶೀಲಿಸಿ ವರದಿ ಮಾಡಬೇಕೆಂದು ಕೇಳಿ. ಪಾಲಿಕೆಯವರು ಬಂದು ನೋಡಿ ಬರೆದ ನಾಲ್ಕು ಸಾಲು ಮುಂದೆ ಕೋರ್ಟಿನಲ್ಲಿ ನಿಮ್ಮ ಹತ್ತು ಮಾತಿಗಿಂತ ತೂಗುತ್ತದೆ.

ದಾರಿಯದು ಮೂರರಲ್ಲಿ ದೊಡ್ಡದು, ನಿಧಾನದ್ದು. ಇಲ್ಲಿ ಓನರನ್ನು ಬಿಟ್ಟು ನೀವೊಬ್ಬರೇ ಬಹಳ ದೂರ ಹೋಗಲಾರಿರಿ. ನಿಮಗೆ ದಾವೆ ಹಾಕುವ ಅಧಿಕಾರವಿಲ್ಲ ಎಂದಲ್ಲ. ಈಸ್‌ಮೆಂಟ್ ಕಾಯ್ದೆಯಲ್ಲಿ ಒಡೆಯರ ಜತೆಗೆ ಅಲ್ಲಿ ವಾಸವಿರುವವರ ಮಾತೂ ಬರುತ್ತದೆ. ದಾರಿಗೆ ಅಡ್ಡಿಯಾಗಿ ನಿಜಕ್ಕೂ ಗಣನೀಯ ನಷ್ಟವಾಗಿದ್ದರೆ ವಾಸಿಸುವವರೂ ಪರಿಹಾರ ಕೇಳಬಹುದು, ನಿರ್ಬಂಧಕಾಜ್ಞೆಯನ್ನೂ ಕೇಳಬಹುದು. ವಾಪಸ್ ಹೋದ ಗಿರಾಕಿಗಳ ಲೆಕ್ಕ ಬರೆದಿಡಿ ಎನ್ನುವುದು ಅದಕ್ಕೇ. ಆದರೆ “ಅಲ್ಲಿ ದಾರಿಯೇ ಇರಲಿಲ್ಲ” ಎಂದು ಎದುರಿನವರು ತಕರಾರು ಎತ್ತಿದ ಕೂಡಲೇ ಪ್ರಶ್ನೆ ನಿಮ್ಮ ವಾಸದಿಂದ ಜಾರಿ ಎರಡು ಸ್ವತ್ತುಗಳ ನಡುವಿನ ಹಕ್ಕಿಗೆ ಹೋಗುತ್ತದೆ. ಆಗ ಬರೀ ನಿರ್ಬಂಧಕಾಜ್ಞೆ ಸಾಲದು, ಹಕ್ಕು ಘೋಷಣೆಯನ್ನೂ ಕೇಳಬೇಕಾಗಬಹುದು. ಅದಕ್ಕೆ ಓನರ್ ಬೇಕು, ಅವರ ಕಾಗದ ಬೇಕು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ಎರಡು ಸ್ವತ್ತಿನವರ ನಡುವೆ ನೀವು ನಲುಗುತ್ತಿದ್ದೀರಿ.

ಕಾಗದಗಳನ್ನು ಮಾತ್ರ ನೀವೇ ಹುಡುಕಬಹುದು, ಯಾರ ಅಪ್ಪಣೆಯೂ ಬೇಡ. ನೋಂದಣಿಯಾದ ಕ್ರಯಪತ್ರ, ವಿಭಾಗಪತ್ರಗಳ ದಾಖಲೆ ಸಾರ್ವಜನಿಕವಾದದ್ದು. ಅರ್ಜಿ ಹಾಕಿ ಶುಲ್ಕ ಕಟ್ಟಿದ ಯಾರಿಗೇ ಆದರೂ ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಸಿಗುತ್ತದೆ. ಕಾವೇರಿ ಪೋರ್ಟಲ್‌ನಲ್ಲೂ ಅರ್ಜಿ ಹಾಕಬಹುದು. ಮೊದಲು ಮುಂದಿನ ಮನೆಯ ಋಣಭಾರ ಪತ್ರ ತೆಗೆಸಿ, ಅದರಿಂದ ಹೋದ ವರ್ಷದ ಕ್ರಯಪತ್ರದ ಸಂಖ್ಯೆ ಸಿಗುತ್ತದೆ. ಆ ಕ್ರಯಪತ್ರದ ಚಕ್ಕುಬಂದಿ ಓದಿ. ನಾಲ್ಕು ದಿಕ್ಕುಗಳಲ್ಲಿ ಸಂದಿ ಇರುವ ದಿಕ್ಕಿಗೆ “ಓಣಿ” ಎಂದೋ “ಸಾಮಾನ್ಯ ದಾರಿ” ಎಂದೋ ಬರೆದಿದ್ದರೆ, ಅವರು ಕೊಂಡ ಕಾಗದವೇ ಅವರ ವಿರುದ್ಧ ಮಾತಾಡುತ್ತದೆ. ಅಣ್ಣತಮ್ಮಂದಿರ ವಿಭಾಗಪತ್ರ ನೋಂದಣಿಯಾಗಿದ್ದರೆ ಅದನ್ನೂ ತೆಗೆಸಿ. “ಸದರಿ ಓಣಿಯಲ್ಲಿ ಉಭಯತ್ರರೂ ಓಡಾಡತಕ್ಕದ್ದು” ಎಂಬಂಥ ಸಾಲು ಹಳೆಯ ಪಾಲುಪಟ್ಟಿಗಳಲ್ಲಿ ಸಾಮಾನ್ಯ. ಅದು ಸಿಕ್ಕಿದರೆ ಅರ್ಧ ಜಗಳ ಮುಗಿದಂತೆ.

ಈಗ ಓನರ್. ಅವರು ಫೋನಿನಲ್ಲಿ ಹೇಳಿದ “ಹೊಂದಿಕೊಂಡು ಹೋಗಿ” ಎಂಬ ಮಾತಿಗೆ ಬೇಸರಪಟ್ಟು ಸುಮ್ಮನಾಗಬೇಡಿ. ಬಾಡಿಗೆ ಸ್ವತ್ತಿನ ಮೇಲೆ ಯಾರಾದರೂ ಒತ್ತುವರಿ ಮಾಡಿದರೆ, ಓನರ್‌ ಹಕ್ಕಿಗೆ ಅಡ್ಡ ಬಂದರೆ, ಅದನ್ನು ತಡಮಾಡದೆ ಓನರ್‌ಗೆ ತಿಳಿಸಬೇಕಾದದ್ದು ಬಾಡಿಗೆದಾರರ ಕರ್ತವ್ಯ ಎನ್ನುತ್ತದೆ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ. ನಾಳೆ ಅವರೇ “ನನಗೆ ಹೇಳಲೇ ಇಲ್ಲ, ನಿಮ್ಮಿಂದ ನನ್ನ ಜಾಗ ಹೋಯಿತು” ಎನ್ನಬಾರದಲ್ಲವೇ? ಆದ್ದರಿಂದ ಬರೆದು ತಿಳಿಸಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅದರದೇ ಫೋಟೋವನ್ನು ವಾಟ್ಸ್ಆ್ಯಪ್ ಮಾಡಿ. ಬರಹ ಹೀಗಿದ್ದರೆ ಸಾಕು:

“ತಾವು ನಮಗೆ ಬಾಡಿಗೆಗೆ ಕೊಟ್ಟಿರುವ ಮನೆಯ ಹಿತ್ತಲಿನಲ್ಲಿ ಮುಂದಿನ ಸ್ವತ್ತಿನವರು ಏಪ್ರಿಲ್ ತಿಂಗಳಲ್ಲಿ ತಗಡಿನ ಬೇಲಿ ಹಾಕಿಕೊಂಡಿರುತ್ತಾರೆ. ಜೂನ್ ತಿಂಗಳಲ್ಲಿ ಮನೆಗೆ ಇರುವ ಏಕೈಕ ದಾರಿಗೆ ಗೇಟ್ ಅಳವಡಿಸಿ ಬೀಗ ಹಾಕುತ್ತಿದ್ದಾರೆ. ಜುಲೈನಲ್ಲಿ ನೀರಿನ ಪೈಪ್ ಕತ್ತರಿಸಿರುತ್ತಾರೆ. ಫೋಟೋಗಳನ್ನು ಲಗತ್ತಿಸಿದೆ. ತಮ್ಮ ಹಕ್ಕಿಗೆ ಧಕ್ಕೆ ಬಂದಿರುವ ಈ ಸಂಗತಿಯನ್ನು ತಮ್ಮ ಗಮನಕ್ಕೆ ತರುತ್ತಿದ್ದೇವೆ. ತಾವು ಕ್ರಮ ಕೈಗೊಳ್ಳಬೇಕಾಗಿ, ಹಾಗೂ ವಿಭಾಗಪತ್ರ ಮತ್ತು ಖಾತೆಯ ನಕಲುಗಳನ್ನು ನಮಗೆ ಕಳಿಸಿಕೊಡಬೇಕಾಗಿ ಕೋರುತ್ತೇವೆ.”

ಆಮೇಲೆ ಒಮ್ಮೆ ಫೋನ್ ಮಾಡಿ ಸಮಾಧಾನದಿಂದ ಮಾತಾಡಿ. ಇದು ಬಾಡಿಗೆಯವರ ಕಷ್ಟದ ಕತೆಯಷ್ಟೇ ಎಂದು ಅವರು ತಿಳಿದಂತಿದೆ. ದಾರಿಯಿಲ್ಲದ ಮನೆಯನ್ನು ನಾಳೆ ಯಾರೂ ಕೊಳ್ಳುವುದಿಲ್ಲ, ಬ್ಯಾಂಕೂ ಅದರ ಮೇಲೆ ಸುಲಭಕ್ಕೆ ಸಾಲ ಕೊಡುವುದಿಲ್ಲ, ಹೊಸ ಬಾಡಿಗೆಯವರೂ ಸಿಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿ. 20 ವರ್ಷದ ಬಳಕೆಯ ಮೇಲೆ ಹಕ್ಕು ಕೇಳುವುದಾದರೆ ದಾರಿ ಕಟ್ಟಿದ ಎರಡು ವರ್ಷದೊಳಗೆ ದಾವೆ ಹಾಕಿರಬೇಕು ಎಂಬ ನಿಯಮವಿದೆ. ಅಡ್ಡಿಯಾದದ್ದು ಗೊತ್ತಿದ್ದೂ ಒಂದು ವರ್ಷ ಒಪ್ಪಿಕೊಂಡಂತೆ ಸುಮ್ಮನಿದ್ದರೆ ಆ ಬಳಕೆಯ ಸರಪಳಿಯೇ ತುಂಡಾದಂತೆ. ಗೇಟ್ ಬಂದದ್ದು ಜೂನ್‌ನಲ್ಲಿ, ಅಂದರೆ ಅವರಿಗೆ ಇನ್ನೂ ಕಾಲವಿದೆ. ಪುಣೆಯಿಂದ ಓಡಾಡಲು ಕಷ್ಟವಾದರೆ ತುಮಕೂರಿನಲ್ಲಿರುವ ನಂಬಿಕೆಯ ನೆಂಟರೊಬ್ಬರಿಗೆ ಈ ವ್ಯಾಜ್ಯದ ಮಟ್ಟಿಗೆ ಪವರ್ ಆಫ್ ಅಟಾರ್ನಿ ಬರೆದುಕೊಡಬಹುದು.

ಓನರ್ ಮೇಲಿನ ಸಿಟ್ಟಿಗೆ ಬಾಡಿಗೆ ನಿಲ್ಲಿಸಬೇಡಿ. ಅಕ್ಕಪಕ್ಕದವರು ನಿಲ್ಲಿಸಿ ಎಂದೇ ಹೇಳುತ್ತಾರೆ. ಬಾಡಿಗೆ ಕೊಟ್ಟು ಕರಾರಿನಂತೆ ನಡೆದವರು ತಡೆಯಿಲ್ಲದೆ ವಾಸಿಸಲಿ ಎಂಬ ಭರವಸೆ ಓನರ್ ಕಡೆಯಿಂದ ಕಾನೂನಿನಲ್ಲೇ ಇದೆ. ಆದರೆ ದಾರಿಹೋಕರೆಲ್ಲರ ದೌರ್ಜನ್ಯಕ್ಕೂ ಓನರ್ ಹೊಣೆಯೆಂದು ಕೋರ್ಟುಗಳು ಅದನ್ನು ಅರ್ಥ ಮಾಡುವುದಿಲ್ಲ. ಓನರ್‌ಗೆ ಆ ದಾರಿಯ ಹಕ್ಕೇ ಇರಲಿಲ್ಲ, ಅದನ್ನು ಮುಚ್ಚಿಟ್ಟು ಬಾಡಿಗೆಗೆ ಕೊಟ್ಟರು ಎಂದು ಮುಂದೆ ಗೊತ್ತಾದರೆ ಆ ಮಾತೇ ಬೇರೆ. ಈಗ ಬಾಡಿಗೆ ನಿಲ್ಲಿಸಿದರೆ ನಿಮ್ಮನ್ನು ಎಬ್ಬಿಸಲು ಓನರ್‌ಗೆ ಒಂದು ಕಾರಣ ಕೊಟ್ಟಂತಾಗುತ್ತದೆ, ಅಷ್ಟೆ. “ಮನೆ ಬಿಡಿ” ಎಂದು ಫೋನಿನಲ್ಲಿ ಅಂದದ್ದು ನೋಟಿಸ್ ಆಗುವುದಿಲ್ಲ. ತಿಂಗಳ ಬಾಡಿಗೆಯ ಮನೆಗೆ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಆಗಲೂ ನೀವು ಬಿಡದಿದ್ದರೆ ಕೋರ್ಟಿನ ಮೂಲಕವೇ ಬಿಡಿಸಬೇಕು.

ಬೀಗ ಒಡೆಯುವ ಯೋಚನೆ ನಿಮ್ಮ ಮನೆಯವರಿಗೆ ಬಂದಿರಬಹುದು. ರಾತ್ರಿ ಹನ್ನೊಂದೂವರೆಗೆ ದುಡಿದು ಬಂದು ಗೇಟ್ ಹತ್ತುವ ಯಾರಿಗಾದರೂ ಬರುತ್ತದೆ. ಬೇಡ. ಅಕ್ರಮದ ಅಡ್ಡಿಯನ್ನಾದರೂ ತಾವೇ ಕಿತ್ತು ಹಾಕುವಂತಿಲ್ಲ ಎಂದು ಈಸ್‌ಮೆಂಟ್ ಕಾಯ್ದೆಯ 36ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಒಡೆದ ಮರುದಿನ ದೂರು ನಿಮ್ಮ ಮೇಲೆ ದಾಖಲಾಗುತ್ತದೆ.

ಕೋರ್ಟಿಗೆ ಹೋಗುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವಿದೆ. ಅರ್ಜಿ ನಿಮ್ಮ ಹೆಸರಿನಲ್ಲೇ ಇರಲಿ ಎನ್ನುವುದು ಅದಕ್ಕೇ. ಎರಡನ್ನು ಕೇಳಿ. ಒಂದು, ಕಲ್ಲಿನ ಜಾಗದ ದಾವೆಗೆ ಕೂಡಲೇ ಒಬ್ಬ ವಕೀಲರನ್ನು ಕೊಡಬೇಕು ಎಂದು. ಆರು ತಿಂಗಳ ಗಡುವನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ. ಎರಡು, ದಾರಿ ಮತ್ತು ನೀರಿನ ವಿಷಯದಲ್ಲಿ ದಾವೆಗೆ ಮುಂಚೆಯೇ ಪಕ್ಕದವರನ್ನು ಕರೆಸಿ ರಾಜಿ ಮಾತುಕತೆ ನಡೆಸಬೇಕು ಎಂದು. ಠಾಣೆಗೂ ಹೆದರದವರು ನ್ಯಾಯಾಲಯದ ಆವರಣದಿಂದ ಹೋದ ಕಾಗದಕ್ಕೆ ಬಂದು ಕೂರುತ್ತಾರೆ.

ಕೋರ್ಟಿನಿಂದ ಏನನ್ನು ನಿರೀಕ್ಷಿಸಬೇಕು ಎಂಬುದನ್ನೂ ಹೇಳಬೇಕು. ಗೇಟನ್ನೇ ಕಿತ್ತುಹಾಕಿ ಎಂಬ ಆದೇಶ ದಾವೆಯ ಶುರುವಿನಲ್ಲೇ ಸಿಗುವುದು ಅಪರೂಪ. “ಗೇಟ್ ಇರಲಿ, ಇವರಿಗೊಂದು ಕೀಲಿ ಕೊಡಿ, ಓಡಾಟಕ್ಕೆ ಅಡ್ಡಿ ಮಾಡಬೇಡಿ” ಎಂಬ ಮಧ್ಯಂತರ ಆದೇಶ ಸಿಗುವ ಸಂಭವ ಹೆಚ್ಚು. ಸ್ಥಳದ ಚಿತ್ರಣ ಸಿಗಲೆಂದು ಕೋರ್ಟ್ ಕಮಿಷನರ್ ನೇಮಿಸುವಂತೆಯೂ ವಕೀಲರು ಕೇಳಬಹುದು. ರಾಜಿಯಲ್ಲೂ ಮೊದಲು ಇದನ್ನೇ ಕೇಳಿ: ಕೀಲಿ, ನೀರಿನ ಪೈಪಿನ ಮರುಜೋಡಣೆ, ತಗಡಿನ ಬೇಲಿಯ ತೆರವು. ದಾರಿಯ ಹಕ್ಕು ಯಾರದು ಎಂಬ ದೊಡ್ಡ ಮಾತು ಓನರ್ ಬಂದ ಮೇಲೆ ಆಗಲಿ. ಒಪ್ಪಂದಕ್ಕೆ ಸಹಿ ಹಾಕುವುದಾದರೆ “ಯಾವ ಪಕ್ಷಗಾರರ ಹಕ್ಕಿಗೂ ಧಕ್ಕೆಯಿಲ್ಲದಂತೆ” ಎಂಬ ಸಾಲು ಇರಲೇಬೇಕು. ಲೋಕ ಅದಾಲತ್ತಿನಲ್ಲಿ ಒಪ್ಪಿ ಸಹಿ ಹಾಕಿದರೆ ಅದಕ್ಕೆ ಡಿಕ್ರಿಯ ಬೆಲೆ, ಅದರ ಮೇಲೆ ಅಪೀಲಿಲ್ಲ. ಹಾಗಾಗಿ ಓದದೆ ಸಹಿ ಬೇಡ. ಅವರೇ ಮೊದಲು ಕೋರ್ಟಿಗೆ ಹೋಗಿ ಏಕಪಕ್ಷೀಯವಾಗಿ ತಡೆಯಾಜ್ಞೆ ತಂದುಬಿಟ್ಟಾರು ಎಂಬ ಅನುಮಾನವಿದ್ದರೆ ಒಂದು ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ, ಹಾಕಿಡಿ. ಅದು 90 ದಿನ ನಿಲ್ಲುತ್ತದೆ.

ಮನೆ ಬಿಟ್ಟು ಹೋಗುವುದೂ ಒಂದು ಆಯ್ಕೆ, ಅದರಲ್ಲಿ ಅವಮಾನವೇನೂ ಇಲ್ಲ. ನಿಮ್ಮ ಗಿರಾಕಿಗಳು ಆ ಬೀದಿಯವರೇ ಇರಬಹುದು, ಆರು ವರ್ಷದಲ್ಲಿ ಬೇರು ಬಿಟ್ಟ ಜಾಗ, ಬಿಡುವುದು ಸುಲಭವಲ್ಲ. ಆದರೆ ಅತ್ತೆಯವರ ಆರೋಗ್ಯ ನೀವು ಹೇಳಿದ್ದಕ್ಕಿಂತ ಸೂಕ್ಷ್ಮವಾಗಿದ್ದರೆ, ರಾತ್ರಿ ಬೀಗದ ಒಳಗೆ ಅವರನ್ನು ಇಟ್ಟುಕೊಂಡು ವರ್ಷಗಟ್ಟಲೆ ದಾವೆ ನಡೆಸಿ ಎಂದು ನಾನು ಹೇಳಲಾರೆ. ಹೋಗುವುದಾದರೆ ಓನರ್‌ಗೆ 15 ದಿನದ ಲಿಖಿತ ನೋಟಿಸ್ ಕೊಟ್ಟು, ಅಡ್ವಾನ್ಸಿನ ಒಂದು ಲಕ್ಷ ಕೈಗೆ ಬಂದ ದಿನವೇ ಬೀಗದ ಕೈ ಕೊಡುವ ಮಾತು ಬರಹದಲ್ಲಿ ಆಗಲಿ. ಕಲ್ಲಿನ ಜಾಗದ ಗಡುವನ್ನು ಮಾತ್ರ ಬಿಡುವ ದಿನದವರೆಗೂ ಕೈಬಿಡಬೇಡಿ, ಆ ದಾವೆ ಕೈಯಲ್ಲಿದ್ದರೆ ರಾಜಿಯ ಮೇಜಿನ ಮುಂದೆ ನಿಮ್ಮ ಮಾತಿಗೆ ತೂಕವಿರುತ್ತದೆ.

ಪ್ರಾಧಿಕಾರಕ್ಕೆ ಹೋಗುವಾಗ ಕರಾರು ಪತ್ರ, ಆರು ವರ್ಷದ ಬಾಡಿಗೆಯ ಬ್ಯಾಂಕ್ ಸ್ಟೇಟ್‌ಮೆಂಟ್, ಆ ವಿಳಾಸದ ಆಧಾರ್ ಮತ್ತು ಗ್ಯಾಸ್ ಪುಸ್ತಕ, ಕರೆಂಟ್ ಬಿಲ್ಲುಗಳು, ಠಾಣೆಗೆ ಕೊಟ್ಟ ದೂರಿನ ನಕಲು, ಫೋಟೋಗಳ ಪ್ರಿಂಟ್, ಕ್ಯಾನ್ ನೀರಿನ ರಸೀದಿಗಳು ಇವಿಷ್ಟನ್ನು ಎರಡೆರಡು ಪ್ರತಿ ಮಾಡಿಸಿ ಒಯ್ಯಿರಿ. ಮೂಲ ಪ್ರತಿಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ. ಮುಂದಿನ ಮನೆಯ ಕ್ರಯಪತ್ರದ ನಕಲು ಸಿಕ್ಕಿದ ಮೇಲೆ ಅದರ ಚಕ್ಕುಬಂದಿಯ ಸಾಲುಗಳನ್ನು ನನಗೂ ಬರೆದು ಕಳಿಸಿ. ಅದನ್ನು ನೋಡಿ ದಾರಿಯ ವಿಷಯವನ್ನು ಇನ್ನಷ್ಟು ಖಚಿತವಾಗಿ ಹೇಳಬಲ್ಲೆ.